ಒಲ್ಲದ ಮನಸ್ಸಿನಿಂದ




ಇಂದಿನ ಚಿಂತನೆ ಬರೆಯುವ ಸರದಿ ನನ್ನದು. ಕಳೆದ ತಿಂಗಳೇ ನನ್ನ ಸರದಿ ಬಂದಿತ್ತು. ಪರೀಕ್ಷೆಯ ಪೇಪರ್ ತಿದ್ದುವುದಿದೆ ಎಂದು ಹೇಳಿ ತಪ್ಪಿಸಿಕೊಂಡೆ. ಪೇಪರ್ ಇದ್ದದ್ದು ನಿಜ, ಆದರೆ ತಪ್ಪಿಸಿಕೊಂಡದ್ದು ಅದಕ್ಕಲ್ಲ. ಬರೆಯಬೇಕಾದ ಮಾತು ಯಾವುದೆಂದು ಗೊತ್ತಿತ್ತು. ಅದನ್ನು ಬರೆಯಲು ಮನಸ್ಸು ಒಲ್ಲೆ ಅನ್ನುತ್ತಿತ್ತು. ಇವತ್ತು ಆ 'ಒಲ್ಲೆ'ಯನ್ನೇ ಎತ್ತಿಕೊಂಡು ಬರೆಯುತ್ತಿದ್ದೇನೆ. ಸ್ವಲ್ಪ ಉದ್ದವಾಗಿದೆ, ಸಾವಕಾಶವಾಗಿ ಓದಿ.

ಕನ್ನಡ ಪಾಠದ ಕೊನೆಯಲ್ಲಿ 'ಸ್ವಂತ ವಾಕ್ಯದಲ್ಲಿ ಬಳಸಿರಿ' ಎಂಬ ಅಭ್ಯಾಸ ಇರುವುದು ಎಲ್ಲರಿಗೂ ನೆನಪಿರಬಹುದು. ಒಂಬತ್ತನೇ ತರಗತಿಯಲ್ಲಿ ಒಂದು ದಿನ ಬೋರ್ಡಿನ ಮೇಲೆ ಐದು ಮಾತು ಬರೆದೆ. ಅದರಲ್ಲೊಂದು 'ಒಲ್ಲದ ಮನಸ್ಸಿನಿಂದ'. ಸಂಜೆ ನೋಟ್‌ಬುಕ್ ತಿದ್ದಲು ಕೂತೆ. ರಾಜು ಒಲ್ಲದ ಮನಸ್ಸಿನಿಂದ ಶಾಲೆಗೆ ಹೋದನು ಎಂದು ಹತ್ತಾರು ಮಕ್ಕಳು ಬರೆದಿದ್ದರು, ಹೆಸರು ಮಾತ್ರ ಬೇರೆ ಬೇರೆ. ಒಬ್ಬ ಹುಡುಗ ತಮ್ಮ ಎತ್ತು ಒಲ್ಲದ ಮನಸ್ಸಿನಿಂದ ಗಾಡಿ ಎಳೆಯಿತು ಎಂದು ಬರೆದಿದ್ದ. ಅವನಿಗೆ 'ಶಭಾಷ್' ಬರೆದೆ. ಆಮೇಲೆ ಒಬ್ಬ ಹುಡುಗಿಯ ನೋಟ್‌ಬುಕ್ ಬಂತು. ಅವಳ ವಾಕ್ಯ ಹೀಗಿತ್ತು:

"ನಮ್ಮ ಟೀಚರ್ ನಮ್ಮ ಮನೆಯಲ್ಲಿ ಒಲ್ಲದ ಮನಸ್ಸಿನಿಂದ ರೊಟ್ಟಿ ತಿಂದರು."

ಕೆಂಪು ಪೆನ್ನು ಹಿಡಿದ ಕೈ ಅಲ್ಲೇ ನಿಂತಿತು. ಕಾಗುಣಿತ ಸರಿ, ವ್ಯಾಕರಣ ಸರಿ. ಕರ್ತೃ, ಕರ್ಮ, ಕ್ರಿಯಾಪದ ಎಲ್ಲ ಇದ್ದಲ್ಲೇ ಇವೆ. ಕರ್ತೃ ನಾನು.

ನಡೆದದ್ದು ಇಷ್ಟು. ವರ್ಷಾವಾಸದ ತಿಂಗಳುಗಳಲ್ಲಿ ನಮ್ಮ ಬಳಗ ಮನೆಮನೆಗೆ ಹೋಗಿ ಬಾಬಾಸಾಹೇಬರ 'ಬುದ್ಧ ಮತ್ತು ಆತನ ಧಮ್ಮ' ಓದುವುದು ನಿಮಗೆಲ್ಲ ಗೊತ್ತಿದೆ. ಆ ಭಾನುವಾರ ಓದು ಇದ್ದದ್ದು ಪೌರಕಾರ್ಮಿಕಳಾಗಿ ದುಡಿಯುವ ಒಬ್ಬ ಅಕ್ಕನ ಮನೆಯಲ್ಲಿ. ದೀಕ್ಷೆ ತೆಗೆದುಕೊಂಡು ಇನ್ನೂ ವರ್ಷವಾಗಿರಲಿಲ್ಲ. ಎರಡು ಕೋಣೆಯ ಮನೆ, ಮೇಲೆ ತಗಡು. ಗೋಡೆಗೆ ಬುದ್ಧರ ಫೋಟೋ, ಬಾಬಾಸಾಹೇಬರ ಫೋಟೋ, ಮುಂದೆ ಮೇಣದಬತ್ತಿ. ಓದು ಮುಗಿದ ಮೇಲೆ ಅಕ್ಕ ಎಲ್ಲರನ್ನೂ ಊಟಕ್ಕೆ ಕೂಡಿಸಿದಳು. ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ. ಹೊತ್ತಿಗೆ ಮುಂಚೆ ಎದ್ದು ಬೀದಿ ಗುಡಿಸಿ ಬಂದು, ಅಷ್ಟು ಜನಕ್ಕೆ ರೊಟ್ಟಿ ತಟ್ಟಿದ್ದಳು. ನಾನು ಅರ್ಧ ರೊಟ್ಟಿ ತಿಂದು ತಾಟಿನ ಮೇಲೆ ಕೈ ಅಡ್ಡ ಹಿಡಿದೆ.

"ಯಾಕ್ರೀ ಮೇಡಂ, ಅರ್ಧಾ ರೊಟ್ಟಿಗೇ ಸಾಕಂತೀರಿ?"
"ಗ್ಯಾಸ್ಟ್ರಿಕ್ ಆಗ್ಯಾದ ಅಕ್ಕಾ, ಒಲ್ಲೆ."

ನನಗೆ ಗ್ಯಾಸ್ಟ್ರಿಕ್ ಇರಲಿಲ್ಲ. ಮರುದಿನ ಆ ಹುಡುಗಿ ಶಾಲೆಗೆ ಬರುವಾಗ ಕಾಗದದ ಒಂದು ಪೊಟ್ಟಣ ತಂದು ಕೊಟ್ಟಳು. "ಅವ್ವ ಅಜವಾನ ಕೊಟ್ಟಾಳ್ರಿ. ಬಿಸಿನೀರಾಗ ತಗೋಬೇಕಂತ್ರಿ." ನನ್ನ ಸುಳ್ಳಿಗೆ ಆ ತಾಯಿ ಔಷಧ ಕಳಿಸಿದ್ದಳು. ತಾಯಿ ನಂಬಿದ್ದಳೋ ಏನೋ, ಮಗಳು ನಂಬಿರಲಿಲ್ಲ.

ಆ ಅರ್ಧ ರೊಟ್ಟಿಯ ಹಿಂದೆ ಏನಿತ್ತು ಎಂದು ಮುಚ್ಚುಮರೆಯಿಲ್ಲದೆ ಹೇಳುತ್ತೇನೆ. ಅವರ ಕೇರಿ ಬೇರೆ, ನಮ್ಮ ಕೇರಿ ಬೇರೆ. ಎರಡೂ ಊರ ಹೊರಗೇ. ಊರ ಬಾವಿಯ ಹಗ್ಗ ಎರಡೂ ಕೇರಿಯವರು ಮುಟ್ಟುವಂತಿರಲಿಲ್ಲ. ಆದರೂ ನಾನು ಚಿಕ್ಕವಳಿದ್ದಾಗ ಆ ಕೇರಿಯ ಗೆಳತಿಯ ಮನೆಯಲ್ಲಿ ನೀರು ಕುಡಿದು ಬಂದೆನೆಂದು ನಮ್ಮ ಅಜ್ಜಿ ನನ್ನನ್ನು ಅಂಗಳದಲ್ಲೇ ನಿಲ್ಲಿಸಿ ತಲೆಯ ಮೇಲೆ ನೀರು ಸುರಿದಿದ್ದಳು. ಅದೇ ಅಜ್ಜಿ ತನ್ನ ಜೀವಮಾನವೆಲ್ಲ ಊರವರ ಅಂಗಳದಲ್ಲಿ ಬೊಗಸೆಯೊಡ್ಡಿ, ಮೇಲಿನಿಂದ ಸುರಿದ ನೀರು ಕುಡಿದವಳು. ಬಾಬಾಸಾಹೇಬರು ಜಾತಿಯನ್ನು ಶ್ರೇಣೀಕೃತ ಅಸಮಾನತೆ ಎಂದು ಕರೆದದ್ದು ಇದನ್ನೇ. ಪ್ರತಿ ಮೆಟ್ಟಿಲಿನವನಿಗೂ ತುಳಿಯಲು ಕೆಳಗೊಂದು ಮೆಟ್ಟಿಲು ಕೊಟ್ಟು, ಇಡೀ ಏಣಿಯನ್ನು ಅವನೇ ಕಾಯುವಂತೆ ಮಾಡುವ ಏರ್ಪಾಡು. ಏಪ್ರಿಲ್ 14ರ ವೇದಿಕೆಗಳಲ್ಲಿ ನಾನು ಇದನ್ನು ಎಷ್ಟೋ ಸಲ ವಿವರಿಸಿದ್ದೇನೆ. ಒಳಜಾತಿ ಮರೆಯೋಣ ಎಂದು ಮಕ್ಕಳ ಕೈಯಲ್ಲಿ ಘೋಷಣೆ ಹಾಕಿಸಿದ್ದೇನೆ. ಇಪ್ಪತ್ತೆರಡು ಪ್ರತಿಜ್ಞೆಗಳಲ್ಲಿ ಎಲ್ಲ ಮನುಷ್ಯರೂ ಸಮಾನರೆಂದು ನಂಬುತ್ತೇನೆ ಎನ್ನುವುದನ್ನೂ, ಸಮಾನತೆಯನ್ನು ನೆಲೆಗೊಳಿಸಲು ದುಡಿಯುತ್ತೇನೆ ಎನ್ನುವುದನ್ನೂ ಬಾಯಿಪಾಠ ಹೇಳಬಲ್ಲೆ. ಆದರೆ ಆ ದಿನ ತುತ್ತು ಗಂಟಲಿಗೆ ಬಂದಾಗ ಅಲ್ಲಿ ಪ್ರತಿಜ್ಞೆ ಇರಲಿಲ್ಲ, ಅಜ್ಜಿ ಇದ್ದಳು.

ಆ ವಾಕ್ಯ ಓದಿದ ರಾತ್ರಿ ನಾನು ಆ ಪದದ ಬೆನ್ನು ಹತ್ತಿದೆ. ಮೇಷ್ಟ್ರಿಗೆ ಇರುವ ಚಟ ಅದು, ಮನಸ್ಸು ಕೆಟ್ಟಾಗ ನಿಘಂಟು ಹಿಡಿಯುವುದು.

'ಒಲ್' ಹಳೆಯ ಧಾತು. ಮೆಚ್ಚು, ಇಷ್ಟಪಡು, ಒಪ್ಪು ಎಂದರ್ಥ. ಒಲವು, ಒಲುಮೆ, ಒಲಿ ಎಲ್ಲ ಅದೇ ಬಳ್ಳಿಯ ಕಾಯಿಗಳು. ಅದರ ನಿಷೇಧರೂಪ 'ಒಲ್ಲೆ'. ಹಳಗನ್ನಡದ ನಿಷೇಧಕ್ಕೆ ಒಂದು ವಿಶೇಷವಿದೆ, ಅದಕ್ಕೆ ಕಾಲದ ಗುರುತಿಲ್ಲ. 'ಒಲ್ಲೆನು' ಎಂದರೆ ಅಂದೂ ಒಪ್ಪಲಿಲ್ಲ, ಇಂದೂ ಒಪ್ಪುವುದಿಲ್ಲ, ಮುಂದೆಯೂ ಒಪ್ಪುವುದಿಲ್ಲ ಎಂದು ಮೂರೂ ಆಗುತ್ತದೆ. ಮೈಸೂರು ಕಡೆಯವರು 'ಬೇಡ' ಅನ್ನುವ ಕಡೆ ನಮ್ಮ ಕಲಬುರಗಿ ಸೀಮೆಯಲ್ಲಿ 'ಒಲ್ಲೆ' ಅನ್ನುತ್ತೇವೆ. 'ಬೇಡ' ಎನ್ನುವುದು ವಸ್ತುವಿನ ಬಗ್ಗೆ ಆಡಿದ ಮಾತು. 'ಒಲ್ಲೆ' ಎನ್ನುವುದು ನನ್ನ ಬಗ್ಗೆ ಆಡಿದ ಮಾತು. ಆ ಪದದ ಕೊನೆಯ ಎಕಾರದಲ್ಲೇ 'ನಾನು' ಕೂತಿದ್ದೇನೆ.

ನಮ್ಮ ಆಡುಮಾತಿನಲ್ಲಿ ಇದು ಇನ್ನೂ ದೂರ ಹೋಗಿದೆ. ಮಳಿ ಬರವಲ್ದು. ಮೋಟರ್ ಚಾಲೂ ಆಗವಲ್ದು. ಈ 'ವಲ್ದು' ಎನ್ನುವುದು 'ಒಲ್ಲದು' ಎಂಬುದೇ ಸವೆದು ಆದ ರೂಪ. ಅಂದರೆ ಮಳೆಗೂ ಮೋಟರಿಗೂ ಒಲ್ಲೆ ಅನ್ನುವ ಅಧಿಕಾರವನ್ನು ನಮ್ಮ ಭಾಷೆ ಕೊಟ್ಟಿದೆ. ಅದೇ ಭಾಷೆ ಆಡುವ ಊರಿನಲ್ಲಿ ನಮ್ಮ ಅಜ್ಜನಿಗೆ ಆ ಅಧಿಕಾರ ಇರಲಿಲ್ಲ.

ಊರೊಳಗೆ ದನ ಸತ್ತರೆ ಅಜ್ಜನಿಗೆ ಕರೆ ಬರುತ್ತಿತ್ತು. ಹೋಗಲೇಬೇಕು. ಕೂಲಿಯ ಮಾತಿಲ್ಲ, ಬಿಟ್ಟಿ ಚಾಕರಿ. ಕರೆ ಬಂದಾಗ ಅಜ್ಜ ಎಲೆಗೆ ಸುಣ್ಣ ಹಚ್ಚಲು ಬಹಳ ಹೊತ್ತು ತೆಗೆದುಕೊಳ್ಳುತ್ತಿದ್ದನಂತೆ. ಹಚ್ಚಿದ ಸುಣ್ಣವನ್ನೇ ಮತ್ತೆ ಹಚ್ಚುವುದು, ಅಡಿಕೆ ಹುಡುಕುವುದು. ಅಪ್ಪ ಇದನ್ನು ಹೇಳುವಾಗ ನಗುತ್ತಿದ್ದರು, ಕೊನೆಗೆ ನಗು ನಿಂತುಹೋಗುತ್ತಿತ್ತು. ಆ ತಡವಷ್ಟೇ ಅಜ್ಜನ ಕೈಯಲ್ಲಿದ್ದ 'ಒಲ್ಲೆ'. ಬಾಯಿಯಿಂದ ಹೇಳುವಂತಿರಲಿಲ್ಲ, ಸುಣ್ಣದಿಂದ ಹೇಳುತ್ತಿದ್ದ. ಸತ್ತ ದನ ಹೊರುವುದನ್ನೂ ಅದರ ಮಾಂಸ ತಿನ್ನುವುದನ್ನೂ ಬಿಡಿ ಎಂದು ಬಾಬಾಸಾಹೇಬರು 1927ರ ಮಹಾಡ್ ಕಾಲದಿಂದಲೂ ಹೇಳುತ್ತ ಬಂದರು. ಆ ಮಾತು ನಮ್ಮ ಊರಿಗೆ ಬಹಳ ತಡವಾಗಿ ಬಂತು. ಬಂದಮೇಲೆ ಅಪ್ಪ ಆ ಕೆಲಸ ಬಿಟ್ಟರು. ಅಜ್ಜನ ಬಾಯಿಗೆ ಬಾರದ ಪದ ಅಪ್ಪನ ಬಾಯಿಗೆ ಬಂತು.

'ಒಲ್ಲದ ಮನಸ್ಸಿನಿಂದ' ಎನ್ನುವುದಕ್ಕೆ ಅಕ್ಕಪಕ್ಕದ ಮಾತುಗಳು ಹಲವಿವೆ. ಆದರೆ ಒಂದರ ಜಾಗಕ್ಕೆ ಇನ್ನೊಂದು ಬರುವುದಿಲ್ಲ. 'ಕಾಟಾಚಾರಕ್ಕೆ' ಅಂದರೆ ಮನಸ್ಸು ಆ ಜಾಗದಲ್ಲೇ ಇಲ್ಲ. 'ಅರೆಮನಸ್ಸಿನಿಂದ' ಅಂದರೆ ಅರ್ಧ ಬಂದಿದೆ, ಅರ್ಧ ಮನೆಯಲ್ಲಿದೆ. 'ವಿಧಿಯಿಲ್ಲದೆ' ಅಂದರೆ ಬೇರೆ ದಾರಿಯಿಲ್ಲದೆ. ಈ 'ವಿಧಿ' ಎಂಬ ಪದಕ್ಕೆ ಹಣೆಬರಹ ಎಂದೂ ಅರ್ಥ, ಕಟ್ಟಳೆ ಎಂದೂ ಅರ್ಥ. ಯಾರೋ ಬರೆದ ಕಟ್ಟಳೆಯನ್ನೇ ನಮ್ಮ ಹಿರಿಯರಿಗೆ ಹಣೆಬರಹ ಎಂದು ಓದಿಸಿದರು. 'ಒಲ್ಲದ ಮನಸ್ಸಿನಿಂದ' ಎನ್ನುವುದರಲ್ಲಿ ಮಾತ್ರ ಮನಸ್ಸು ಪೂರ್ತಿ ಹಾಜರಿದೆ, ಪೂರ್ತಿ ಎಚ್ಚರವಾಗಿದೆ, ಮತ್ತು ಇಲ್ಲ ಅನ್ನುತ್ತಿದೆ. ಆದರೂ ಕೈ ಮಾಡುತ್ತಿದೆ.

ಕೈ ಮಾಡಿತು ಎಂದ ಮಾತ್ರಕ್ಕೆ ಮನಸ್ಸು ಒಪ್ಪಿತು ಎಂದಲ್ಲ. ನಮ್ಮ ಸಂವಿಧಾನ ಇದನ್ನು ಬಲ್ಲದು. 23ನೇ ವಿಧಿ ಬಿಟ್ಟಿ ದುಡಿಮೆಯನ್ನೂ ಬಲವಂತದ ದುಡಿಮೆಯನ್ನೂ ನಿಷೇಧಿಸಿದೆ. 1982ರಲ್ಲಿ ದೆಹಲಿಯ ಏಷ್ಯನ್ ಕ್ರೀಡಾಕೂಟದ ಕಟ್ಟಡ ಕೂಲಿಗಳ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಈ ವಿಧಿಯನ್ನು ಇನ್ನಷ್ಟು ಬಿಡಿಸಿ ಹೇಳಿತು. ಬಲವಂತ ಅಂದರೆ ಬಡಿಗೆ ಹಿಡಿದು ನಿಲ್ಲುವುದಷ್ಟೇ ಅಲ್ಲ. ಹಸಿವು, ಬಡತನದ ಒತ್ತಡದಿಂದ ಕನಿಷ್ಠ ಕೂಲಿಗಿಂತ ಕಡಿಮೆಗೆ ದುಡಿಯಲು ಒಬ್ಬ ಒಪ್ಪಿದರೆ ಅದೂ ಬಲವಂತದ ದುಡಿಮೆಯೇ. ತಾನಾಗಿ ಬಂದನಲ್ಲ ಎನ್ನುವ ವಾದಕ್ಕೆ ಅಲ್ಲಿ ಜಾಗವಿಲ್ಲ. ಅಜ್ಜನ ಸುಣ್ಣದ ತಡವನ್ನು ಕಾನೂನು ಕಡೆಗೂ ಓದಿತು ಎಂದು ನನಗೆ ಅನ್ನಿಸುತ್ತದೆ.

ನಮ್ಮ ಚರಿತ್ರೆಯಲ್ಲಿ ಒಲ್ಲದ ಮನಸ್ಸಿನಿಂದ ಮಾಡಿದ ಅತಿ ದೊಡ್ಡ ಸಹಿ ಯಾವುದು? 1932ರ ಸೆಪ್ಟೆಂಬರ್ 24ರ ಪೂನಾ ಒಪ್ಪಂದದ ಸಹಿ. ದಮನಿತರಿಗೆ ಪ್ರತ್ಯೇಕ ಮತಕ್ಷೇತ್ರ ಸಿಕ್ಕಿತ್ತು. ಅದನ್ನು ವಿರೋಧಿಸಿ ಗಾಂಧೀಜಿ ಯೆರವಡಾ ಜೈಲಿನಲ್ಲಿ ಸೆಪ್ಟೆಂಬರ್ 20ರಿಂದ ಉಪವಾಸ ಕೂತರು. ಒಂದು ಕಡೆ ಒಬ್ಬರ ಪ್ರಾಣ, ಇನ್ನೊಂದು ಕಡೆ ತಮ್ಮ ಜನರ ರಾಜಕೀಯ ಹಕ್ಕು. ಬಾಬಾಸಾಹೇಬರು ಪ್ರತ್ಯೇಕ ಮತಕ್ಷೇತ್ರ ಬಿಟ್ಟುಕೊಟ್ಟು, ಜಂಟಿ ಮತಕ್ಷೇತ್ರದಲ್ಲಿ 148 ಮೀಸಲು ಸ್ಥಾನಗಳಿಗೆ ಒಪ್ಪಿ ಸಹಿ ಹಾಕಿದರು. ಕೈ ಸಹಿ ಹಾಕಿತು, ಮನಸ್ಸು ಒಪ್ಪಲಿಲ್ಲ. ಆ ಒಪ್ಪದಿದ್ದುದನ್ನು ಅವರು ನುಂಗಿಕೊಂಡು ಸುಮ್ಮನಾಗಲೂ ಇಲ್ಲ. 1945ರಲ್ಲಿ ಕಾಂಗ್ರೆಸ್ಸೂ ಗಾಂಧಿಯೂ ಅಸ್ಪೃಶ್ಯರಿಗೆ ಮಾಡಿದ್ದೇನು ಎಂದು ಕೇಳುವ ಪುಸ್ತಕವನ್ನೇ ಬರೆದು, ಆ ಸಹಿಯ ಹಿಂದಿನ ಒತ್ತಡವನ್ನು ದಾಖಲಿಸಿದರು. ಅವರೇ ಸಹಿ ಹಾಕಿದರಲ್ಲ ಎಂದು ಇಂದಿಗೂ ಹೇಳುವವರಿದ್ದಾರೆ. ಅವರು ಕ್ರಿಯಾಪದವನ್ನಷ್ಟೇ ಓದುತ್ತಾರೆ, ಕ್ರಿಯಾವಿಶೇಷಣವನ್ನು ಬಿಟ್ಟುಬಿಡುತ್ತಾರೆ.

ಇಲ್ಲಿಯವರೆಗೆ ಬರೆದು ನನಗೆ ಸಮಾಧಾನವಾಗಬೇಕಿತ್ತು. ಆಗಲಿಲ್ಲ. ಅಜ್ಜನ ಒಲ್ಲದ ಮನಸ್ಸು, ಬಾಬಾಸಾಹೇಬರ ಒಲ್ಲದ ಮನಸ್ಸು, ಅರ್ಧ ರೊಟ್ಟಿಯ ಮುಂದೆ ಕೂತ ನನ್ನ ಒಲ್ಲದ ಮನಸ್ಸು, ಮೂರಕ್ಕೂ ಒಂದೇ ಪದ. ಮೂರೂ ಒಂದೇ ಆಗಲು ಸಾಧ್ಯವೇ? ಪದ ವ್ಯತ್ಯಾಸ ತೋರಿಸುವುದಿಲ್ಲ. ನಾವೇ ಒಂದು ಪ್ರಶ್ನೆ ಕೇಳಿಕೊಳ್ಳಬೇಕು. ಈ ಮನಸ್ಸು ಏನನ್ನು ಉಳಿಸಿಕೊಳ್ಳಲು ಹಿಂಜರಿಯುತ್ತಿದೆ? ತನ್ನ ಮಾನವನ್ನೋ, ತನ್ನ ಮೇಲುತನವನ್ನೋ?

ಅಜ್ಜ ಉಳಿಸಿಕೊಳ್ಳುತ್ತಿದ್ದದ್ದು ಮಾನ. ಬಾಬಾಸಾಹೇಬರು ಉಳಿಸಿಕೊಂಡದ್ದು ತಮ್ಮ ಜನರ ಹಕ್ಕಿನ ನೆನಪು. ನಾನು ಆ ದಿನ ಉಳಿಸಿಕೊಂಡದ್ದು ಏಣಿಯ ಒಂದು ಮೆಟ್ಟಿಲು.

ದೀಘ ನಿಕಾಯದಲ್ಲಿ ಪಾಯಾಸಿ ಎಂಬ ಒಡೆಯನ ಸುತ್ತವಿದೆ. ಕೋಸಲ ದೇಶದ ಸೇತವ್ಯಾ ಎಂಬ ಪಟ್ಟಣ ಅವನದು. ಕುಮಾರ ಕಸ್ಸಪರ ಜೊತೆ ಬಹಳ ವಾದ ಮಾಡಿ, ಕೊನೆಗೆ ಸೋತು, ದಾನ ಕೊಡಲು ಒಪ್ಪುತ್ತಾನೆ. ಕೊಡುತ್ತಾನೆ ಕೂಡ. ಕೊಟ್ಟದ್ದೇನು? ನುಚ್ಚಿನ ಗಂಜಿ, ಹುಳಿನೀರು, ಒರಟು ಬಟ್ಟೆ. ದಾನದ ಉಸ್ತುವಾರಿ ಉತ್ತರ ಎಂಬ ಒಬ್ಬ ತರುಣನದು. ಅವನು ಬಡಿಸಿ ಮುಗಿದಾಗಲೆಲ್ಲ, ಈ ಲೋಕದಲ್ಲಿ ಪಾಯಾಸಿಯ ಸಂಗ ಆದದ್ದು ಸಾಕು, ಮುಂದೆ ಬೇಡ ಎಂದು ಹೇಳಿಕೊಳ್ಳುತ್ತಿದ್ದ. ಸುದ್ದಿ ಒಡೆಯನ ಕಿವಿಗೆ ಬಿತ್ತು. ಕರೆಸಿ ಕೇಳಿದ. ಉತ್ತರ ಹೆದರಲಿಲ್ಲ. ನೀವು ಕೊಡಿಸುವ ಅನ್ನವನ್ನು ನೀವು ಕಾಲಿನಿಂದಲೂ ಮುಟ್ಟಲಾರಿರಿ, ತಿನ್ನುವುದಂತೂ ದೂರ ಎಂಬ ಅರ್ಥದ ಮಾತು ಹೇಳಿದ. ಹಾಗಾದರೆ ನಾನು ಉಣ್ಣುವುದನ್ನೇ ಬಡಿಸು, ನಾನು ಉಡುವುದನ್ನೇ ಕೊಡು ಎಂದ ಪಾಯಾಸಿ. ಉತ್ತರ ಹಾಗೆಯೇ ಮಾಡಿದ. ಅಷ್ಟಾದರೂ ಪಾಯಾಸಿ ಸ್ವತಃ ತನ್ನ ಕೈಯಿಂದ ಕೊಡಲಿಲ್ಲ, ಆದರದಿಂದ ಕೊಡಲಿಲ್ಲ. ಉತ್ತರ ಎರಡನ್ನೂ ಮಾಡಿದ. ಕೊಟ್ಟ ವಸ್ತು ಒಬ್ಬನದು, ಫಲ ಹೆಚ್ಚು ದಕ್ಕಿದ್ದು ಇನ್ನೊಬ್ಬನಿಗೆ ಎನ್ನುತ್ತದೆ ಸುತ್ತ. ಅಲ್ಲಿ ಬರುವ ಪರಲೋಕದ ಮಾತನ್ನು ನಾನು ಹಿಡಿದುಕೊಳ್ಳುವುದಿಲ್ಲ. ಬಾಬಾಸಾಹೇಬರ ದಾರಿಯಲ್ಲಿ ನಡೆಯುವ ನಮಗೆ ಈ ಲೋಕದ ತಾಟು, ಈ ಲೋಕದ ರೊಟ್ಟಿಯೇ ಸಾಕಷ್ಟು ಪಾಠ.

ಪಾಯಾಸಿ ಕೊಟ್ಟ ರೀತಿಗೆ ಪಾಳಿಯಲ್ಲಿ 'ಅಸಕ್ಕಚ್ಚಂ' ಎಂಬ ಪದವಿದೆ. ಅದೂ ಒಂದು ಕ್ರಿಯಾವಿಶೇಷಣವೇ. 'ಸಕ್ಕಚ್ಚಂ' ಅಂದರೆ ಸತ್ಕಾರಪೂರ್ವಕವಾಗಿ. ನಮ್ಮ 'ಸತ್ಕಾರ'ವೂ ಅದೂ ಒಂದೇ ಬೇರಿನವು. ಅಂಗುತ್ತರ ನಿಕಾಯದಲ್ಲಿ ಕೆಟ್ಟ ದಾನದ ಐದು ಲಕ್ಷಣ ಹೇಳಿದೆ: ಆದರವಿಲ್ಲದೆ ಕೊಡುವುದು, ಎದುರಿನವರನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಕೊಡುವುದು, ಸ್ವಂತ ಕೈಯಿಂದ ಕೊಡದಿರುವುದು, ಬಿಸಾಡುವಂಥದ್ದನ್ನು ಕೊಡುವುದು, ಮುಂದೇನಾಗುತ್ತದೆ ಎಂಬ ತಿಳಿವಿಲ್ಲದೆ ಕೊಡುವುದು. ಈ ಪಟ್ಟಿ ಓದಿದಾಗ ನಮ್ಮವರಿಗೆ ಬೇರೆ ವ್ಯಾಖ್ಯಾನ ಬೇಕಾಗುವುದಿಲ್ಲ. ಮೇಲಿನಿಂದ ಸುರಿದ ನೀರು, ದೂರದಿಂದ ಒಗೆದ ಹಳಸಿದ ರೊಟ್ಟಿ, ಹೋಟೆಲಿನ ಬೇರೆ ಲೋಟ. ಎರಡು ಸಾವಿರ ವರ್ಷಗಳಿಗೂ ಹಿಂದಿನ ಆ ಪಟ್ಟಿಯಲ್ಲಿ ನಮ್ಮ ಅಜ್ಜಿಯ ಬೊಗಸೆ ಇದೆ.

ಆದರೆ ನನಗೆ ಹೊಸದಾಗಿ ಹೊಳೆದದ್ದು ಇನ್ನೊಂದು. ಕೊಡುವುದರಲ್ಲಿ ಅಸಕ್ಕಚ್ಚಂ ಇರುವಂತೆ ತೆಗೆದುಕೊಳ್ಳುವುದರಲ್ಲೂ ಇದೆ. ಆ ಅಕ್ಕ ತನ್ನ ಕೈಯಿಂದ, ಆದರದಿಂದ, ತಾನು ಉಣ್ಣುವುದನ್ನೇ ಬಡಿಸಿದಳು. ತಾಟಿನ ಈಚೆ ಕೂತು ಪಾಯಾಸಿಯಾದವಳು ನಾನು. ಉತ್ತರನ ಹಾಗೆ ಅದನ್ನು ಕಂಡು, ಹೆದರದೆ ಬರೆದವಳು ಹದಿನಾಲ್ಕು ವರ್ಷದ ಹುಡುಗಿ.

ಈಗ ಕೊನೆಯ ಪ್ರಶ್ನೆ. ಒಲ್ಲದ ಮನಸ್ಸಿನಿಂದ ಒಳ್ಳೆಯದನ್ನು ಮಾಡಿದರೆ ಅದು ಒಳ್ಳೆಯದೇ? ಅಥವಾ ಮನಸ್ಸು ಒಲಿಯುವ ತನಕ ಕಾಯಬೇಕೇ?

ಅಭಿಧಮ್ಮ ಇದಕ್ಕೆ ನೇರವಾದ ಉತ್ತರ ಕೊಡುತ್ತದೆ. ನಾವು ಬದುಕುವ ಈ ಕಾಮಾವಚರ ನೆಲೆಯ ಕುಶಲ ಚಿತ್ತಗಳನ್ನು ಅದು ಎಂಟು ಬಗೆಯಾಗಿ ಎಣಿಸುತ್ತದೆ. ಅವುಗಳಲ್ಲಿ ನಾಲ್ಕು 'ಅಸಂಖಾರಿಕ', ನಾಲ್ಕು 'ಸಸಂಖಾರಿಕ'. ಇಲ್ಲಿ ಸಂಖಾರ ಎಂದರೆ ಒತ್ತಾಸೆ, ಪ್ರೇರಣೆ. ತಾನಾಗಿ ಎದ್ದು ಒಳ್ಳೆಯದು ಮಾಡುವ ಮನಸ್ಸು ಅಸಂಖಾರಿಕ. ಹಿಂಜರಿದು, ಯಾರೋ ಒತ್ತಾಯಿಸಿದ ಮೇಲೆ ಅಥವಾ ತನ್ನನ್ನು ತಾನೇ ದೂಡಿಕೊಂಡು ಮಾಡುವ ಮನಸ್ಸು ಸಸಂಖಾರಿಕ. ಬುದ್ಧಘೋಷರು ವಿಸುದ್ಧಿಮಗ್ಗದಲ್ಲಿ ಇದಕ್ಕೆ ಮಕ್ಕಳ ಉದಾಹರಣೆ ಕೊಡುತ್ತಾರೆ. ಹಿರಿಯರು ನಮಸ್ಕಾರ ಮಾಡು ಎಂದು ಹೇಳಿದ ಮೇಲೆ ಕೈಮುಗಿಯುವ ಮಗುವಿನ ಚಿತ್ತ. ನಮ್ಮ ವಿಹಾರದಲ್ಲಿ ಚಿಕ್ಕ ಮಕ್ಕಳ ತಲೆ ಒತ್ತಿ ನಾವು ವಂದನೆ ಮಾಡಿಸುವುದಿಲ್ಲವೇ, ಹಾಗೆ. ಗಮನಿಸಬೇಕಾದ ಸಂಗತಿ ಏನೆಂದರೆ, ಅಭಿಧಮ್ಮ ಈ ಒತ್ತಾಸೆಯ ಚಿತ್ತವನ್ನು ಅಕುಶಲದ ಪಟ್ಟಿಗೆ ಹಾಕಲಿಲ್ಲ. ಕುಶಲದಲ್ಲೇ ಎಣಿಸಿತು.

ಹಾಗಾಗಿ ಕಾಯಬೇಕಿಲ್ಲ. ಕಾಯಲೂ ಬಾರದು. ಊರವರ ಮನಸ್ಸು ಒಲಿಯಲಿ ಎಂದು ಕಾದಿದ್ದರೆ ಚವದಾರ್ ಕೆರೆಯ ನೀರು ಇವತ್ತಿಗೂ ನಮಗೆ ಸಿಗುತ್ತಿರಲಿಲ್ಲ. ನಮಗೆ ಸಲ್ಲಬೇಕಾದ್ದನ್ನು ಯಾರಾದರೂ ಒಲ್ಲದ ಮನಸ್ಸಿನಿಂದ ಕೊಟ್ಟರೂ ನಾವು ತೆಗೆದುಕೊಳ್ಳಬೇಕು. ಹಕ್ಕಿಗೆ ಕೊಡುವವನ ಒಲವು ಬೇಕಾಗಿಲ್ಲ, ನಮ್ಮಿಂದ ಕೃತಜ್ಞತೆಯೂ ಬೇಕಾಗಿಲ್ಲ. ಸಂವಿಧಾನ ಕೆಲಸ ಮಾಡುವುದು ಕೈಯ ಮೇಲೆ. ಮನಸ್ಸು ಒಲ್ಲೆ ಅಂದರೂ ಕೈ ಬಾಗಿಲು ತೆರೆಯಲೇಬೇಕು ಎನ್ನುತ್ತದೆ.

ಆದರೆ ಆ ಎರಡು ಕೋಣೆಯ ಮನೆಯಲ್ಲಿ ನಾನು ಇನ್ನರ್ಧ ರೊಟ್ಟಿ ತಿನ್ನಬೇಕು ಎಂದು ಹೇಳುವ ವಿಧಿ ಸಂವಿಧಾನದಲ್ಲಿ ಇಲ್ಲ, ಇರಲೂ ಸಾಧ್ಯವಿಲ್ಲ. ಬಾಬಾಸಾಹೇಬರು ಸಂವಿಧಾನ ಕೊಟ್ಟ ಮೇಲೂ ಯಾಕೆ ಧಮ್ಮದ ಕಡೆ ನಡೆದರು ಎಂದು ಮಕ್ಕಳು ಕೇಳಿದಾಗ ನಾನು ಪುಸ್ತಕದ ಉತ್ತರ ಹೇಳುತ್ತಿದ್ದೆ. ಈಗ ಅರ್ಧ ರೊಟ್ಟಿಯಿಂದ ತಿಳಿದ ಉತ್ತರ ಹೇಳುತ್ತೇನೆ. ಕೈಯನ್ನು ಕಾನೂನು ಬಾಗಿಸಬಲ್ಲದು, ಮನಸ್ಸನ್ನು ಧಮ್ಮವೇ ಬಾಗಿಸಬೇಕು. ಹಿಂದೂವಾಗಿ ಸಾಯುವುದಿಲ್ಲ ಎಂದು 1935ರಲ್ಲಿ ಯೇವಲಾದಲ್ಲಿ ಸಾರಿದವರು ನಾಗಪುರದಲ್ಲಿ ದೀಕ್ಷೆ ಪಡೆದದ್ದು 1956ರ ಅಕ್ಟೋಬರ್ 14ರಂದು. ಇಪ್ಪತ್ತೊಂದು ವರ್ಷ. ಯೆರವಡಾದ ಸಹಿ ನಾಲ್ಕೇ ದಿನಗಳ ಒತ್ತಡದಲ್ಲಿ ಒಲ್ಲದ ಮನಸ್ಸಿನಿಂದ ಆದದ್ದು. ನಾಗಪುರದ್ದು ಒಲಿದ ಮನಸ್ಸಿನಿಂದ ಆದದ್ದು. ಎರಡೂ ಅದೇ ಕೈಯ ಕೆಲಸ.

ಹುಡುಗಿಯ ವಾಕ್ಯಕ್ಕೆ 'ಸರಿ' ಗುರುತು ಹಾಕಿದೆ. ಪೂರ್ತಿ ಅಂಕ ಕೊಟ್ಟೆ. ಮರುದಿನ ಅವಳನ್ನು ಕರೆದು, "ನೀ ಬರದದ್ದು ಖರೇ ಅದ" ಎಂದೆ. ಅವಳ ಮುಖ ಬಿಳಚಿತು. "ಅವ್ವಗ ಹೇಳಬ್ಯಾಡ್ರಿ ಮೇಡಂ, ಬೈತಾಳ" ಎಂದಳು. ತಪ್ಪು ನನ್ನದು, ಹೆದರಿಕೆ ಅವಳದು. ಜಾತಿ ಕೆಲಸ ಮಾಡುವುದೇ ಹೀಗೆ.

ಹದಿನೈದು ದಿನ ಬಿಟ್ಟು ಒಂದು ಸಂಜೆ, ಯಾರೂ ಕರೆಯದೆ, ನಾನೇ ಅವರ ಮನೆಗೆ ಹೋದೆ. ಅಕ್ಕ ರೊಟ್ಟಿ ಬಡಿಯುತ್ತಿದ್ದಳು. ಒಲೆಯ ಹತ್ತಿರವೇ ಕೂತೆ. "ಅಕ್ಕಾ, ಅವತ್ತ ನನಗ ಗ್ಯಾಸ್ಟ್ರಿಕ್ ಇದ್ದಿದ್ದಿಲ್ಲ" ಎಂದೆ. ಅವಳು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಕೈ ಮಾತ್ರ ಹಿಟ್ಟಿನ ಮೇಲೆ ತಿರುಗುತ್ತಿತ್ತು. ಆಮೇಲೆ, "ಹೋಗ್ಲಿ ಬಿಡ್ರಿ. ರೊಟ್ಟಿ ಆರತಾವ, ಉಣ್ರಿ" ಎಂದಳು. ಅವಳಿಗೆ ಮೊದಲೇ ಗೊತ್ತಿತ್ತೋ ಇಲ್ಲವೋ ನಾನು ಕೇಳಲಿಲ್ಲ.

ಎರಡು ರೊಟ್ಟಿ ಉಂಡೆ. ನಿಮ್ಮ ಮುಂದೆ ಸುಳ್ಳು ಹೇಳಬಾರದು, ಮೊದಲ ತುತ್ತು ಗಂಟಲಲ್ಲಿ ನಿಂತಿತು. ಅಜ್ಜಿ ಇನ್ನೂ ಅಲ್ಲೇ ಇದ್ದಳು. ಎರಡನೆಯ ತುತ್ತು ಇಳಿಯಿತು. ಅದು ಒಲವಿನಿಂದ ಉಂಡ ಊಟ ಎಂದು ನಾನು ಹೇಳಲಾರೆ. ಒಂದು ನೋಟ್‌ಬುಕ್ಕಿನ ಒತ್ತಾಸೆಯಿಂದ ಉಂಡದ್ದು, ಸಸಂಖಾರಿಕ. ಆಮೇಲೆ ನಾಲ್ಕು ಸಲ ಹೋಗಿದ್ದೇನೆ. ಕಳೆದ ಸಲ ಅಜ್ಜಿಯ ನೆನಪಾದದ್ದು ಮನೆಗೆ ಬಂದು ಕೈಕಾಲು ತೊಳೆಯುವಾಗ. ಉಣ್ಣುವಾಗ ಆಗಿರಲಿಲ್ಲ.

ಇದನ್ನು ಬಳಗದಲ್ಲಿ ಬರೆಯಲೇ ಎಂದು ತಾಯಿ ಮಗಳು ಇಬ್ಬರನ್ನೂ ಕೇಳಿದ್ದೇನೆ. "ಹೆಸರು ಬ್ಯಾಡ್ರಿ, ಉಳಿದದ್ದು ಬರೀರಿ" ಎಂದರು.

ಧಮ್ಮ ಬಂಧುಗಳೇ, ಇವತ್ತು ಒಂದು ದಿನದ ಮಟ್ಟಿಗೆ ಒಂದು ಅಭ್ಯಾಸ ಮಾಡೋಣ. ಯಾವುದಾದರೂ ಕೆಲಸದಲ್ಲಿ ಮನಸ್ಸು ಒಲ್ಲೆ ಎಂದಾಗ ತಕ್ಷಣ ಅದನ್ನು ಗದರುವುದು ಬೇಡ, ಒಪ್ಪುವುದೂ ಬೇಡ. ಏನನ್ನು ಉಳಿಸಿಕೊಳ್ಳುತ್ತಿದ್ದೀಯ ಎಂದು ಕೇಳೋಣ. ಮಾನ ಎಂದು ಉತ್ತರ ಬಂದರೆ, ಅಜ್ಜ ಸುಣ್ಣದಿಂದ ಹೇಳಿದ್ದನ್ನು ನಾವು ಬಾಯಿಬಿಟ್ಟು ಹೇಳೋಣ. ಮೇಲುತನ ಎಂದು ಉತ್ತರ ಬಂದರೆ, ಮನಸ್ಸು ಒಲಿಯುವ ತನಕ ಕಾಯದೆ ಕೈ ಮುಂದೆ ಮಾಡೋಣ. ಮನಸ್ಸು ಹಿಂದಿನಿಂದ ನಡೆದು ಬರಲಿ.

ಬರುವ ಭಾನುವಾರದ ಓದು ಮತ್ತೆ ಅದೇ ಅಕ್ಕನ ಮನೆಯಲ್ಲಿ, ಸಂಜೆ 5 ಗಂಟೆಗೆ. ಊಟವೂ ಅಲ್ಲೇ. ಎಲ್ಲರೂ ಬನ್ನಿ.

ನಮೋ ಬುದ್ಧಾಯ. ಜೈಭೀಮ್. 🙏